ಗೋಸುಂಬೆ ತರುವ ಮೊದಲು ಜೀರುಂಡೆ ಬೆಳೆಸಿ

ಯೆಮೆನ್, ಸೌದಿ ಅರೇಬಿಯಾ ಮೂಲದ ‘ವೇಲ್ಡ್’ ಎಂಬ ಜಾತಿಯ ಗೋಸುಂಬೆ ಸಾಕುವವರು ನಮ್ಮ ವಿಜಯಪುರ ಕಡೆಯೂ ಇದ್ದಾರೆ. ಪಂಜರಕ್ಕೆ, ದೀಪಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಊಟಕ್ಕೆ ಮಾತ್ರ ಸಿಕ್ಕ ಹುಳ ಹಾಕುತ್ತಾರೆ. ಕೆಲವೇ ತಿಂಗಳಲ್ಲಿ ಕಾಲಿನ ಎಲುಬು ಬಾಗಿ, ಪ್ರಾಣಿಗೆ ಕೊಂಬೆ ಹಿಡಿಯುವುದೇ ಕಷ್ಟವಾಗುತ್ತದೆ. ಇಂಥದ್ದನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು. ಹೊಲದ ಬದುವಿನ ಜಾಲಿಯಲ್ಲಿ ಕಾಣುವ ನಮ್ಮ ಗೋಸುಂಬೆಯನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಿ ತಳಿಯಾದರೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ಜಾಲತಾಣದಲ್ಲಿ ನೋಂದಣಿ ಆಗಬೇಕು. ಕಾಗದಪತ್ರ ತೋರಿಸದವರ ಹತ್ತಿರ ಕೊಳ್ಳಲೇಬೇಡಿ.

ಪಂಜರದ ಕೆಲಸ ಸುಲಭ. ಗಾಜಿನ ಪೆಟ್ಟಿಗೆ ಬೇಡ, ಜಾಲರಿಯದ್ದು ಇರಲಿ. ಒಂದು ಪಂಜರಕ್ಕೆ ಒಂದೇ ಗೋಸುಂಬೆ. ಎಲೆಗಳ ಮೇಲೆ ದಿನಾ ನೀರು ಸಿಂಪಡಿಸಿ, ಅದು ಹನಿಯನ್ನು ನೆಕ್ಕಿ ಕುಡಿಯುತ್ತದೆ, ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಕೊಡುವ ದೀಪ ಬೇಕೇ ಬೇಕು. ಕಿಟಕಿಯಿಂದ ಬಿಸಿಲು ಬರುತ್ತಲ್ವಾ ಎನ್ನಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ.

ಇನ್ನು ಗೋಸುಂಬೆಯ ಊಟವಾದ ಜೀರುಂಡೆ, ಅಂದರೆ ರಾತ್ರಿ ಕಿರ್‌ಗುಟ್ಟುವ ಕ್ರಿಕೆಟ್ ಹುಳ. ಹೊಲದಿಂದ ಹಿಡಿದು ತರಬೇಡಿ. ದ್ರಾಕ್ಷಿಗೆ, ತೊಗರಿಗೆ ಹೊಡೆದ ಔಷಧಿ ಹುಳದ ಮೂಲಕ ಗೋಸುಂಬೆಯ ಹೊಟ್ಟೆ ಸೇರುತ್ತದೆ. ಸಾಕುವವರಿಂದಲೇ ಬಲಿತ ಹುಳ ತನ್ನಿ. ದೊಡ್ಡ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಕತ್ತರಿಸಿ ತಂತಿ ಜಾಲರಿ ಕೂರಿಸಿ. ನೈಲಾನ್ ಜಾಲರಿ ಹಾಕಿದರೆ ಕಡಿದು ಹೊರಗೆ ಬರುತ್ತವೆ. ಒಳಗೆ ಕಾಗದದ ಮೊಟ್ಟೆ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ. ಗೋಧಿ ತೌಡು, ಜೋಳದ ಹಿಟ್ಟು ಆಹಾರ. ನೀರಿಗೆ ಬದಲು ಗಜ್ಜರಿ ಹೋಳು ಸಾಕು. ನೀರಿನ ಜೆಲ್ ಗೋಲಿ ತರಲೇಬೇಡಿ. ನಮ್ಮ ಸೆಕೆಗೆ ಅದು ಹಳಸಿ ಡಬ್ಬವೆಲ್ಲ ನಾರುತ್ತದೆ.

ಎಲ್ಲರೂ ಸೋಲುವುದು ತತ್ತಿಯ ಹಂತದಲ್ಲಿ. ರೆಕ್ಕೆ ಬಂದು ಗಂಡುಗಳು ಕಿರ್‌ಗುಟ್ಟತೊಡಗಿದರೆ ಹೊತ್ತು ಬಂತು ಎಂದರ್ಥ. ಹೆಣ್ಣಿನ ಹಿಂದೆ ಸೂಜಿಯಂಥ ಕೊಳವೆ ಇರುತ್ತದೆ, ಅದನ್ನು ಒದ್ದೆ ಮಣ್ಣಿಗೆ ಚುಚ್ಚಿ ತತ್ತಿ ಇಡುತ್ತದೆ. ನಾಲ್ಕೈದು ಸೆಂಟಿಮೀಟರ್ ಆಳದ ಬಟ್ಟಲಿಗೆ ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ತುಂಬಿ. ಮುಷ್ಟಿಯಲ್ಲಿ ಹಿಂಡಿದರೆ ಶೇಂಗಾ ಉಂಡಿಯಂತೆ ಗಟ್ಟಿಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ಒಂದೆರಡು ಹನಿಗಿಂತ ಜಾಸ್ತಿ ಇಳಿಯಬಾರದು. ಮೇಲೆ ಕಿಟಕಿಯ ಸೊಳ್ಳೆ ಜಾಲರಿ ಬಿಗಿಯಾಗಿ ಹಾಸಿ. ಸೂಜಿ ಜಾಲರಿಯೊಳಗೆ ಇಳಿಯುತ್ತದೆ, ಉಳಿದ ಹುಳಗಳು ಕೆದರಿ ತತ್ತಿ ತಿನ್ನಲು ಆಗುವುದಿಲ್ಲ. ಎರಡು ಮೂರು ದಿನ ಬಿಟ್ಟು ಬಟ್ಟಲನ್ನು ತೆಗೆದು, ಸಣ್ಣ ತೂತುಗಳಿರುವ ಬೇರೆ ಡಬ್ಬದಲ್ಲಿಡಿ. ಅಂಚಿನಲ್ಲಿ ಬೆರಳಿಂದ ಸ್ವಲ್ಪ ಸರಿಸಿದರೆ ಎರಡು ಮಿಲಿಮೀಟರ್ ಉದ್ದದ, ಕೆನೆ ಬಣ್ಣದ ತತ್ತಿಗಳು ಕಾಣುತ್ತವೆ. ನೋಡಿ ಮುಚ್ಚಿಬಿಡಿ, ಪದೇ ಪದೇ ಕೆದಕಬೇಡಿ.

30 ಡಿಗ್ರಿ ಆಸುಪಾಸಿನಲ್ಲಿ ಹತ್ತು ದಿನದಿಂದ ಎರಡು ವಾರದೊಳಗೆ ಮರಿ ಬರುತ್ತವೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಮೇಲ್ಪದರ ಒಂದೇ ದಿನದಲ್ಲಿ ಒಣಗುತ್ತದೆ. ಅಯ್ಯೋ ಒಣಗಿತು ಎಂದು ತಂಬಿಗೆ ನೀರು ಸುರಿದರೆ ಕೆಳಗಿನ ತತ್ತಿ ಕೊಳೆಯುತ್ತವೆ. ಬೆಳಗ್ಗೆ, ಸಂಜೆ ಸ್ಪ್ರೇ ಬಾಟಲಿಯಿಂದ ತುಸು ತುಸು ಕೊಡಿ. ತಗಡಿನ ಶೆಡ್‌ನಲ್ಲಿ ಇಡಬೇಡಿ, ಮನೆಯ ತಂಪು ಕೋಣೆಯ ನೆಲದ ಮೇಲಿರಲಿ. ಬೆಳಗಾವಿಯ ಮಳೆಗಾಲದ ಕಷ್ಟ ಬೇರೆ. ಅಲ್ಲಿ ಬೂಸು ಹಿಡಿಯುತ್ತದೆ, ತಂಪಿಗೆ ಮರಿ ಬರುವುದೂ ತಡವಾಗುತ್ತದೆ. ಸತ್ತಿವೆ ಎಂದು ಸುಮ್ನೆ ಎಸೆಯಬೇಡಿ, ಡಬ್ಬವನ್ನು ಬೆಚ್ಚಗಿನ ಜಾಗಕ್ಕೆ ಸರಿಸಿ ಇನ್ನೂ ಎರಡು ವಾರ ಕಾಯಿರಿ.

ಗುಂಡುಸೂಜಿಯ ತಲೆಯಷ್ಟಿರುವ ಮರಿಗಳು ಒಂದು ಹನಿ ನೀರಿನಲ್ಲೂ ಮುಳುಗುತ್ತವೆ. ಕೈಯಿಂದ ಹಿಡಿಯಬೇಡಿ. ಮೊಟ್ಟೆ ಟ್ರೇ ತುಂಡು ಇಟ್ಟರೆ ಅವೇ ಹತ್ತುತ್ತವೆ, ಹೊಸ ಡಬ್ಬಕ್ಕೆ ಝಾಡಿಸಿ ತೆಳು ಅರಿವೆ ಕಟ್ಟಿ. ದೊಡ್ಡವುಗಳ ಜೊತೆ ಬಿಟ್ಟರೆ ತಿಂದುಹಾಕುತ್ತವೆ. ಆರರಿಂದ ಎಂಟು ವಾರದಲ್ಲಿ ಬಲಿಯುತ್ತವೆ.

ಗೋಸುಂಬೆಗೆ ಕೊಡುವ ಹಿಂದಿನ ದಿನ ಜೀರುಂಡೆಗೆ ನುಗ್ಗೆ ಸೊಪ್ಪು ಹಾಕಿ. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೀರುಂಡೆಯಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಬಹಳ ಕಡಿಮೆ. ಎಲುಬು ಬಾಗಲು ಇದೂ ಒಂದು ಮುಖ್ಯ ಕಾರಣ. ಹಾಗಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸರೀಸೃಪಗಳ ಕ್ಯಾಲ್ಸಿಯಂ ಪುಡಿ ಚಿಟಿಕೆ ಹಾಕಿ, ಹುಳ ಬಿಟ್ಟು, ಮೆಲ್ಲಗೆ ಅಲುಗಾಡಿಸಿ ಕೊಡಿ. ಹುಳ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಸಂಜೆಗೆ ಉಳಿದವನ್ನು ತಪ್ಪದೆ ಹೊರಗೆ ತೆಗೆಯಿರಿ, ಹಸಿದ ಜೀರುಂಡೆ ಮಲಗಿದ ಗೋಸುಂಬೆಯ ಚರ್ಮವನ್ನೇ ಕಡಿಯುತ್ತದೆ.