ಪಿಯುಸಿ ಆದ್ಮೇಲೆ ನರ್ಸಿಂಗ್ ತಗೊಳೋದಾದ್ರೆ ಹೀಗ್ ಮಾಡಿ
ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಓದಿದ್ರೆ 4 ವರ್ಷದ ಬಿಎಸ್ಸಿ ನರ್ಸಿಂಗೇ ತಗೊಳಿ, ಆರ್ಟ್ಸ್ ಕಾಮರ್ಸ್‌ನೋರಿಗೆ 3 ವರ್ಷದ ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಇದೆ. ಫೀಸ್ ಕಟ್ಟೋಕ್ ಮುಂಚೆ ಕಾಲೇಜಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದ್ಯಾ ನೋಡಿ, ಪ್ರಾಕ್ಟೀಸಿಗೆ ಯಾವ ಆಸ್ಪತ್ರೆಗೆ ಕಳಿಸ್ತಾರೆ, ಅಲ್ಲಿ ನಿಜವಾಗ್ಲೂ ಪೇಷೆಂಟ್ ಇರ್ತಾರಾ ಅಂತ ಸೀನಿಯರ್ಸನ್ನೇ ಕೇಳಿ, ಏಜೆಂಟ್ ಮಾತು ನಂಬ್ಕೊಂಡು ಹೋಗ್ಬೇಡಿ (ಅವ್ನಿಗೆ ಕಮಿಷನ್ ಬಂದ್ರೆ ಸಾಕು). ಮುಗಿದ್ಮೇಲೆ ಕೌನ್ಸಿಲಲ್ಲಿ ರಿಜಿಸ್ಟರ್ ಮಾಡಿಸ್ಲೇಬೇಕು.

ಲಾಭ ಏನಪ್ಪಾ ಅಂದ್ರೆ ದಾರಿಗಳು ಜಾಸ್ತಿ. ಬಿಎಸ್ಸಿ ಆಗಿದ್ರೆ ಏಮ್ಸ್ ಆಸ್ಪತ್ರೆ ಕೆಲಸಕ್ಕೆ ನಾರ್ಸೆಟ್ ಅನ್ನೋ ಪರೀಕ್ಷೆ ಬರೀಬಹುದು, ಜರ್ಮನಿಗೆ ಹೋಗೋ ಆಸೆ ಇದ್ರೆ ಕೊನೇ ವರ್ಷದಿಂದ್ಲೇ ಜರ್ಮನ್ ಕಲಿಯೋಕೆ ಶುರು ಮಾಡಿ, ಅಲ್ಲಿ ಕೇಳೋ ಬಿ2 (ಚೆನ್ನಾಗಿ ಮಾತಾಡೋ ಮಟ್ಟ) ಲೆವೆಲ್‌ಗೆ ಟೈಮ್ ಹಿಡಿಯುತ್ತೆ. ಪ್ರೈವೇಟಲ್ಲಿ ಶುರುವಿನ ಸಂಬಳ ಕಮ್ಮಿನೇ, ನೈಟ್ ಡ್ಯೂಟಿ ಬೇರೆ, ಆದ್ರೂ ಎರಡು ವರ್ಷ ಐಸಿಯುನಲ್ಲಿ ತಡ್ಕೊಳಿ, ಆ ಎಕ್ಸ್‌ಪೀರಿಯನ್ಸಿಗೆ ಎಲ್ಲೋದ್ರೂ ಬೆಲೆ ಇದೆ.