ಕ್ರಾಸಿಂಗ್ ಫಲಿಸದಿದ್ದರೆ ಗಂಡು ನಾಯಿಯನ್ನೂ ಪರೀಕ್ಷಿಸಿ

ಕಾರವಾರ, ಶಿರಸಿ ಕಡೆ ನಾಯಿ ಸಾಕಿದವರಿಗೆ ಒಂದು ಮಾತು. ಕ್ರಾಸಿಂಗ್ ಮಾಡಿಸಿದರೂ ಹೆಣ್ಣು ಗಬ್ಬ ಕಟ್ಟಲಿಲ್ಲ ಅಂತ ಸುಮ್ನೆ ಅದನ್ನೇ ದೂರಬೇಡಿ. ಗಂಡಿನ ವೀರ್ಯವನ್ನೂ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ. ತಲೆ ಸೊಟ್ಟಗಿರುವ, ಬಾಲ ಸುರುಳಿ ಸುತ್ತಿದ ವೀರ್ಯಾಣುಗಳು ಮೈಕ್ರೋಸ್ಕೋಪಿನಲ್ಲಿ ಕಾಣುತ್ತವೆ. ಸರಿಯಾದ ಆಕಾರದವು ಶೇಕಡಾ 70ಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು.

ತುಂಬಾ ದಿನ ಕ್ರಾಸಿಂಗ್‌ಗೆ ಬಿಡದ ನಾಯಿಯಲ್ಲಿ ಮೊದಲ ಸಲ ಸತ್ತ ವೀರ್ಯಾಣುಗಳೇ ಜಾಸ್ತಿ ಬರಬಹುದು. ಕೆಲವು ದಿನ ಬಿಟ್ಟು ಇನ್ನೊಮ್ಮೆ ನೋಡಿಸಿ. ಜ್ವರ ಬಂದಿದ್ದರೂ (ಉಣ್ಣಿ ಕಚ್ಚಿ ಬರುವ ಜ್ವರ ನಮ್ಮಲ್ಲಿ ಮಾಮೂಲು, ಅಲ್ವಾ?), ಮೇ ತಿಂಗಳ ಸೆಕೆಯಲ್ಲಿ ತಗಡಿನ ಗೂಡಿನೊಳಗೆ ಬೆಂದಿದ್ದರೂ ವೀರ್ಯ ಕೆಡುತ್ತದೆ. ಹೊಸ ವೀರ್ಯಾಣು ತಯಾರಾಗಲು ಸುಮಾರು 62 ದಿನ ಬೇಕು, ಬಲಿತು ಹೊರಬರಲು ಇನ್ನೆರಡು ವಾರ. ಎರಡೂವರೆ ತಿಂಗಳು ಕಾದು ಮತ್ತೆ ಪರೀಕ್ಷಿಸಿ.

ಬ್ರೂಸೆಲ್ಲಾ (ನಾಯಿಗಳಲ್ಲಿ ಬಂಜೆತನ, ಗರ್ಭಪಾತ ತರುವ ಬ್ಯಾಕ್ಟೀರಿಯಾ) ರಕ್ತಪರೀಕ್ಷೆ ಮಾತ್ರ ತಪ್ಪಿಸಬೇಡಿ. ಆ ರೋಗ ಮನುಷ್ಯರಿಗೂ ಅಂಟಬಹುದು.