ಟೊಯೋಟಾ ಟಕೋಮಾದ ಮೂತಿ ಎತ್ತುವುದು: ಎರಡು ಇಂಚಿನ ಲೆವೆಲಿಂಗ್ ಕಿಟ್ ಹಾಕುವ ಬಗೆ

ಪಿಕಪ್ ಟ್ರಕ್ಕುಗಳು ಕಾರ್ಖಾನೆಯಿಂದ ಬರುವಾಗಲೇ ಹಿಂಭಾಗ ತುಸು ಎತ್ತರ, ಮೂತಿ ತುಸು ತಗ್ಗು. ಹಿಂದೆ ಭಾರ ಹೇರಿದಾಗ ಗಾಡಿ ಸಮಕ್ಕೆ ಬರಲಿ ಎಂದೇ ಹಾಗೆ ಮಾಡಿರುತ್ತಾರೆ. ಯಾವಾಗಲೂ ಖಾಲಿ ಓಡಿಸುವವರಿಗೆ ಈ ಓರೆ ಕಣ್ಣಿಗೆ ಹಿತವಲ್ಲ, ಜೊತೆಗೆ ದೊಡ್ಡ ಟೈರಿಗೆ ಮುಂದೆ ಜಾಗವೂ ಸಾಲದು. ಮುಂದಿನ ಸ್ಟ್ರಟ್ (ಸ್ಪ್ರಿಂಗು, ಶಾಕ್ ಎರಡೂ ಸೇರಿದ ಕಂಬ) ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಇಟ್ಟು ಆ ಓರೆ ತೆಗೆಯುವುದೇ ಲೆವೆಲಿಂಗ್. ಇಲ್ಲಿ ಬರೆದಿರುವುದು ಅಮೆರಿಕದಲ್ಲಿ 2005ರಿಂದ 2023ರವರೆಗೆ ಮಾರಾಟವಾದ, ಚಕ್ರಕ್ಕೆ ಆರು ನಟ್ ಇರುವ ಟಕೋಮಾಗಳಿಗೆ. ಐದು ನಟ್‌ನ ಟೂ ವೀಲ್ ಡ್ರೈವ್ ಮಾದರಿಗೂ 2024ರ ಹೊಸ ಗಾಡಿಗೂ ಕಿಟ್ ಬೇರೆ.

ಮೊದಲು ಅಳತೆ

ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪು ಹಿಡಿದು ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ; ಟೈರಿನ ಗಾಳಿ ಹೆಚ್ಚು ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಹಿಂದಿನ ಅಳತೆಗಿಂತ ಮುಂದಿನದು ಎಷ್ಟು ಕಡಿಮೆಯೋ ಅದಕ್ಕಿಂತ ಅರ್ಧ ಇಂಚು ಕಡಿಮೆ ಎತ್ತುವುದು ಒಳ್ಳೆಯದು. ಪೂರ್ತಿ ಸಮ ಮಾಡಿದ ಗಾಡಿಗೆ ಟ್ರೇಲರ್ ಕಟ್ಟಿದರೆ ಮೂತಿ ಆಕಾಶ ನೋಡುತ್ತದೆ.

ಟಕೋಮಾದಲ್ಲಿ ಇನ್ನೊಂದು ಗುಣವಿದೆ. ಪೆಟ್ರೋಲ್ ಟ್ಯಾಂಕು, ಬ್ಯಾಟರಿ, ಓಡಿಸುವವರು ಎಲ್ಲ ಎಡಗಡೆಗೇ ಇರುವುದರಿಂದ ಎಡಭಾಗ ಸ್ವಲ್ಪ ಕುಗ್ಗಿರುತ್ತದೆ. ಅಳತೆಯಲ್ಲಿ ಅರ್ಧ ಇಂಚಿನ ವ್ಯತ್ಯಾಸ ಕಂಡರೆ ಎಡಗಡೆಗೆ ಮಾತ್ರ ಕಾಲಿಂಚಿನ ತೆಳು ಸ್ಪೇಸರ್ ಒಂದನ್ನು ಹೆಚ್ಚುವರಿಯಾಗಿ ತರಿಸಿಕೊಳ್ಳಿ. ಕಾಲಿಂಚಿಗೆ ಅರ್ಧ ಇಂಚು ಹೇಗೆ ಏರುತ್ತದೆ ಎಂದರೆ, ಸ್ಟ್ರಟ್‌ನ ಬುಡ ಲೋವರ್ ಆರ್ಮಿನ (ಚಕ್ರವನ್ನು ಫ್ರೇಮಿಗೆ ಸೇರಿಸುವ ಕೆಳಗಿನ ತೋಳು) ಹೆಚ್ಚುಕಡಿಮೆ ನಡುವಿನಲ್ಲಿದೆ, ಚಕ್ರ ಅದರ ತುದಿಯಲ್ಲಿದೆ. ಹಾಗಾಗಿ ಸ್ಪೇಸರ್ ದಪ್ಪದ ಸುಮಾರು ಎರಡರಷ್ಟು ಮೂತಿ ಏರುತ್ತದೆ. ಎರಡು ಇಂಚಿನ ಕಿಟ್ ತರಿಸಿದಾಗ ಡಬ್ಬಿಯಲ್ಲಿ ಒಂದು ಇಂಚಿನ ತುಂಡು ಬಂದರೆ ಮೋಸ ಹೋದೆವೆಂದು ವಾಪಸ್ ಕಳಿಸಬೇಡಿ.

ಯಾವ ಕಿಟ್?

ಎರಡು ಬಗೆ ಸಿಗುತ್ತವೆ. ಒಂದು ಸ್ಟ್ರಟ್‌ನ ತಲೆಯ ಮೇಲೆ, ಫ್ರೇಮಿನ ಕೆಳಗೆ ಕೂರುವಂಥದ್ದು. ಇನ್ನೊಂದು ಸ್ಪ್ರಿಂಗಿನ ಮೇಲೆ, ಸ್ಟ್ರಟ್‌ನ ಒಳಗೆ ಕೂರುವಂಥದ್ದು. ಎರಡನೆಯದಕ್ಕೆ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಸ್ಟ್ರಟ್ ಬಿಚ್ಚಬೇಕು. ಸ್ಪ್ರಿಂಗ್ ಜಾರಿದರೆ ಮೂಳೆ ಮುರಿಯುವ ಅಪಾಯ, ಹಾಕಿದ ಮೇಲೆ ಸವಾರಿಯೂ ಗಡುಸು. ಮನೆಯಲ್ಲಿ ಮಾಡುವವರಿಗೆ ಮೊದಲನೆಯದೇ ಸರಿ.

ಮೂರು ಇಂಚಿನ ಕಿಟ್‌ಗೂ ಬೆಲೆ ಹೆಚ್ಚೇನಿಲ್ಲವಲ್ಲ ಎಂದು ಆಸೆಪಡಬೇಡಿ. ತಲೆಯ ಮೇಲೆ ಸ್ಪೇಸರ್ ಕೂತಾಗ ಸ್ಟ್ರಟ್ ಅಷ್ಟರಮಟ್ಟಿಗೆ ಉದ್ದವಾದಂತೆ. ಚಕ್ರ ಪೂರ್ತಿ ಕೆಳಗಿಳಿದಾಗ ಅಪ್ಪರ್ ಆರ್ಮ್ (ಮೇಲಿನ ತೋಳು) ಸ್ಪ್ರಿಂಗಿಗೆ ತಾಗುತ್ತದೆ, ಅದರ ತುದಿಯ ಗುಂಡು ಕೀಲು, ಅಂದರೆ ಮೇಲಿನ ಬಾಲ್ ಜಾಯಿಂಟ್, ತನ್ನ ಮಿತಿಯವರೆಗೆ ವಾಲುತ್ತದೆ. ಪೂರ್ತಿ ಮೇಲೇರಿದಾಗ, ರಬ್ಬರ್ ಬಂಪ್ ಸ್ಟಾಪ್ ಪೆಟ್ಟು ಹೊರುವ ಮೊದಲೇ ಶಾಕ್ ಒಳಗೆ ತಳ ಕುಟ್ಟುತ್ತದೆ. ಎರಡು ಇಂಚಿನಲ್ಲಿ ಇವೆಲ್ಲ ಸಹಿಸುವ ಮಟ್ಟದಲ್ಲಿರುತ್ತವೆ. ಮೂರಕ್ಕೆ ಹೋದರೆ ಅಪ್ಪರ್ ಆರ್ಮ್‌ಗಳನ್ನೇ ಬದಲಿಸಬೇಕು, ಫೋರ್ ವೀಲ್ ಡ್ರೈವ್ ಆದರೆ ಆಕ್ಸಲ್ ಬೂಟುಗಳೂ (ಆಕ್ಸಲ್ ಕೀಲಿನ ರಬ್ಬರ್ ಹೊದಿಕೆ) ಬೇಗ ಹರಿಯುತ್ತವೆ. ಡಿಫರೆನ್ಷಿಯಲ್ (ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗಿಳಿಸುವ ಸ್ಪೇಸರ್‌ಗಳನ್ನು ಕೆಲವು ಕಿಟ್‌ಗಳ ಜೊತೆ ಕೊಟ್ಟಿರುತ್ತಾರೆ. ಎರಡು ಇಂಚಿಗೆ ಅವು ಬೇಡ.

ಬೇಕಾದ ಸಾಮಾನು

3 ಟನ್ನಿನ ಫ್ಲೋರ್ ಜ್ಯಾಕ್, ಎರಡು ಜ್ಯಾಕ್ ಸ್ಟ್ಯಾಂಡ್, 14, 17, 19, 21 ಮಿಲಿಮೀಟರ್ ಸಾಕೆಟ್‌ಗಳು, ಉದ್ದ ಹಿಡಿಯ ಬ್ರೇಕರ್ ಬಾರ್, ಅಲೆನ್ ಕೀ ಸೆಟ್, ಮೂರು ನಾಲ್ಕು ಅಡಿಯ ಹಾರೆ, ಟಾರ್ಕ್ ರೆಂಚ್, ಬಣ್ಣದ ಪೆನ್ನು, ಕಟ್ಟಲು ಹಗ್ಗ ಅಥವಾ ತಂತಿ. ಓಹಾಯೋ, ಮಿಶಿಗನ್ ಥರ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಕಡೆ ಇರುವವರು ಹಿಂದಿನ ದಿನವೇ ಎಲ್ಲ ಬೋಲ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಬಿಚ್ಚುವುದು

ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಗಾಡಿ ನೆಲದಲ್ಲಿರುವಾಗಲೇ ಮುಂದಿನ ಚಕ್ರಗಳ ನಟ್ ಸಡಿಲಿಸಿ. ಆಮೇಲೆ ಎರಡೂ ಕಡೆ ಎತ್ತಿ, ಸ್ಟ್ಯಾಂಡನ್ನು ಫ್ರೇಮಿನ ಕೆಳಗೆ ಕೊಡಿ, ಲೋವರ್ ಆರ್ಮಿಗಲ್ಲ. ಒಂದೇ ಕಡೆ ಎತ್ತಿದರೆ ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ಎರಡೂ ಬದಿಯನ್ನು ಜೋಡಿಸುವ ಸರಳು) ತಿರುಚಿಕೊಂಡು ಕೆಲಸ ದುಪ್ಪಟ್ಟಾಗುತ್ತದೆ. ಚಕ್ರ ತೆಗೆದು, ಸ್ಟೀರಿಂಗ್ ನಕಲ್‌ಗೆ (ಚಕ್ರವನ್ನು ಹೊತ್ತು ತಿರುಗುವ ತುಂಡು) ಕೂರುವ ಸ್ವೇ ಬಾರ್ ಲಿಂಕಿನ 17ರ ನಟ್ ಬಿಚ್ಚಿ. ಲಿಂಕಿನ ಬೋಲ್ಟ್ ಕೂಡ ಜೊತೆಗೇ ತಿರುಗಿದರೆ ಅದರ ತುದಿಯ ಗುಳಿಗೆ ಅಲೆನ್ ಕೀ ಹಾಕಿ ಹಿಡಿದುಕೊಳ್ಳಿ.

ಸ್ಟ್ರಟ್‌ನ ಹೊರಮುಖಕ್ಕೆ, ಅದರ ತಟ್ಟೆಗೆ ಪೆನ್ನಿನಿಂದ ಗುರುತು ಮಾಡಿ. ತಲೆಯ ಸುತ್ತ ಇರುವ ಮೂರು 14ರ ನಟ್‌ಗಳಲ್ಲಿ ಎರಡನ್ನು ತೆಗೆದು, ಒಂದನ್ನು ನಾಲ್ಕು ಸುತ್ತು ಉಳಿಸಿ. ನಟ್ಟನಡುವೆ ದೊಡ್ಡದೊಂದು ನಟ್ ಕಾಣುತ್ತದೆ. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಒತ್ತಿ ಕೂರಿಸಿದ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ.

ಬುಡದ 19ರ ಬೋಲ್ಟ್ ಹೊರಗೆಳೆಯಿರಿ. ಇನ್ನು ಆರ್ಮ್ ಕೆಳಗಿಳಿಸಬೇಕು. ಹಲವರು ಅಪ್ಪರ್ ಬಾಲ್ ಜಾಯಿಂಟ್‌ಗೆ ಸುತ್ತಿಗೆ ಹೊಡೆದು ಬಿಡಿಸಿ, ಅದರ ರಬ್ಬರ್ ಹರಿದುಕೊಳ್ಳುತ್ತಾರೆ. ಅದು ಬೇಕಿಲ್ಲ. ಲೋವರ್ ಬಾಲ್ ಜಾಯಿಂಟನ್ನು ನಕಲ್‌ಗೆ ಹಿಡಿದಿರುವ ಎರಡು ಬೋಲ್ಟ್ ಕೆಳಗಿನಿಂದ ಬಿಚ್ಚಿದರೆ ಸಾಕು. ಸ್ಟೀರಿಂಗಿನ ಟೈ ರಾಡ್ ಕೂಡ ಆ ಬಾಲ್ ಜಾಯಿಂಟ್ ತುಂಡಿಗೇ ಸೇರಿರುವುದರಿಂದ ಅದನ್ನು ಬೇರೆಯಾಗಿ ಬಿಡಿಸಬೇಕಿಲ್ಲ. ಬೋಲ್ಟ್ ತೆಗೆಯುವ ಮೊದಲೇ ನಕಲನ್ನು ಹಗ್ಗದಿಂದ ಫ್ರೇಮಿಗೆ ಕಟ್ಟಿ. ಅದು ಹೊರಗೆ ವಾಲಿದರೆ ಆಕ್ಸಲ್‌ನ ಒಳಗಿನ ಕೀಲು ಕಳಚಿಕೊಳ್ಳುತ್ತದೆ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಮೇಲೆ ಭಾರ ಬೀಳುತ್ತದೆ. ಆರ್ಮನ್ನು ಹಾರೆಯಿಂದ ಕೆಳಗೆ ಮೀಟಿ, ಮೇಲೆ ಉಳಿದ ನಟ್ ತೆಗೆದು ಸ್ಟ್ರಟ್ ಹೊರಗೆ ತನ್ನಿ.

ಹಾಕುವುದು

ಸ್ಪೇಸರನ್ನು ಸ್ಟ್ರಟ್‌ನ ಮೂರು ಬೋಲ್ಟುಗಳ ಮೇಲೆ ಕೂರಿಸಿ, ಅದರ ಬಾಣದ ಗುರುತು ಕಿಟ್ಟಿನ ಸೂಚನೆಯಂತೆ ಇರಲಿ. ಬಿಗಿದ ಮೇಲೆ ಸ್ಟ್ರಟ್‌ನ ಬೋಲ್ಟಿನ ತುದಿ ಸ್ಪೇಸರಿನ ಮೇಲ್ಮೈಗಿಂತ ಮೇಲೆ ಬಂದಿದೆಯೇ ನೋಡಿ. ಬಂದಿದ್ದರೆ ಅದು ಫ್ರೇಮಿಗೆ ಒತ್ತಿ, ಸ್ಪೇಸರ್ ಪೂರ್ತಿ ಕೂರದೆ ಟಕಟಕ ಸದ್ದು ಬರುತ್ತದೆ. ಎಡಗಡೆಯ ಕಾಲಿಂಚಿನ ತುಂಡನ್ನು ಮರೆಯಬೇಡಿ.

ಸ್ಟ್ರಟ್ ಮೇಲೆ ತೂರಿಸಿ ಮೂರು ನಟ್ ಕೈಯಲ್ಲೇ ಹತ್ತಿಸಿ. ಬುಡದ ಕಣ್ಣು ಆರ್ಮಿನ ತೂತಿಗೆ ಸರಿಯಾಗದಿದ್ದರೆ, ಕಣ್ಣಿಗೆ ಸ್ಕ್ರೂಡ್ರೈವರ್ ತೂರಿ ಸ್ವಲ್ಪ ತಿರುಗಿಸಿ. ಆಮೇಲೆ ಜ್ಯಾಕಿನಿಂದ ಆರ್ಮನ್ನು ನಿಧಾನ ಎತ್ತುತ್ತ ಬಾಲ್ ಜಾಯಿಂಟ್ ಬೋಲ್ಟುಗಳನ್ನು ಕೈಯಲ್ಲೇ ಹತ್ತಿಸಿ, ಒರಟಾಗಿ ಹತ್ತಿದರೆ ನಿಲ್ಲಿಸಿ ಎಳೆ ನೋಡಿ.

ಬಿಗಿಯುವ ಅಳತೆ: ಮೇಲಿನ ನಟ್‌ಗಳು 64 ನ್ಯೂಟನ್ ಮೀಟರ್, ಬಾಲ್ ಜಾಯಿಂಟ್ ಬೋಲ್ಟುಗಳು 160, ಸ್ವೇ ಬಾರ್ ಲಿಂಕ್ 70, ಚಕ್ರದ ನಟ್ 113, ಸ್ಟ್ರಟ್‌ನ ಬುಡದ ಬೋಲ್ಟ್ 83. ಕಿಟ್ಟಿನವರೇ ಕೊಟ್ಟ ನಟ್‌ಗಳಿಗೆ ಅವರು ಹೇಳಿದ ಅಳತೆ. ಬುಡದ ಬೋಲ್ಟನ್ನು ಮಾತ್ರ ಗಾಡಿ ಗಾಳಿಯಲ್ಲಿರುವಾಗ ಪೂರ್ತಿ ಬಿಗಿಯಬೇಡಿ. ಅದರೊಳಗಿನ ರಬ್ಬರ್ ಬುಶ್ ಬಿಗಿದ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ, ನೆಲಕ್ಕಿಳಿದಾಗ ತಿರುಚಿ ಬೇಗ ಹರಿಯುತ್ತದೆ. ಚಕ್ರ ಹಾಕಿ, ನೆಲಕ್ಕಿಳಿಸಿ, ಬಂಪರನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಆಮೇಲೆ ಕೊನೆಯ ಬಿಗಿ.

ಅಲೈನ್‌ಮೆಂಟ್ ಮತ್ತು ಉಳಿದದ್ದು

ಮೂತಿ ಏರಿದಾಗ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ಓರೆ) ಕಡಿಮೆಯಾಗುತ್ತದೆ, ಟೋ (ಎರಡೂ ಚಕ್ರ ಒಳಗೋ ಹೊರಗೋ ತಿರುಗಿರುವ ಪ್ರಮಾಣ) ಕೂಡ ಬದಲಾಗುತ್ತದೆ. ಈ ಕೋನಗಳನ್ನು ಸರಿಹೊಂದಿಸುವ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟೈರು ಅಂಚು ಸವೆಯುತ್ತದೆ. ಅಂಗಡಿಯವರಿಗೆ ಕ್ಯಾಸ್ಟರ್ ಆದಷ್ಟು ಹೆಚ್ಚಿಗೆ ಇರಲಿ ಎಂದು ಬಾಯಿಬಿಟ್ಟು ಹೇಳಿ. ಬರೀ ಟೋ ಸರಿಮಾಡಿ ಕಳಿಸುವವರೇ ಹೆಚ್ಚು. ಹೊಂದಿಸುವ ಕ್ಯಾಮ್ ಬೋಲ್ಟುಗಳು ಲೋವರ್ ಆರ್ಮಿನ ಬುಡದಲ್ಲಿವೆ. ಹಳೆಯ ಗಾಡಿಯಲ್ಲಿ ಅವು ತುಕ್ಕಿಗೆ ಅಂಟಿಕೊಂಡಿರುತ್ತವೆ, ಆದ್ದರಿಂದ ತಿರುಗುತ್ತವೆಯೇ ಎಂದು ಕಿಟ್ ಕೊಳ್ಳುವ ಮೊದಲೇ ನೋಡಿದರೆ ದುಡ್ಡು ಉಳಿಯುತ್ತದೆ.

ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ತಗ್ಗಿಸಿ. 2018ರಿಂದೀಚಿನ ಗಾಡಿಗಳಲ್ಲಿ ಮುಂದಿನ ರಾಡಾರ್ ಮತ್ತು ಗಾಜಿನ ಹಿಂದಿನ ಕ್ಯಾಮೆರಾದ ದಿಕ್ಕನ್ನೂ ಪರೀಕ್ಷಿಸಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಬ್ರೇಕ್ ಹೋಸ್ ಎಳೆಯುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ನೂರು ಮೈಲಿ ಓಡಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೆ ಟಾರ್ಕ್ ರೆಂಚಿನಿಂದ ನೋಡಿ.

ಭಾರತದಲ್ಲಿ ಹೈಲಕ್ಸ್ ಇರುವವರಿಗೆ: ಮುಂದಿನ ಜೋಡಣೆ ಬಹುಮಟ್ಟಿಗೆ ಇದೇ ರೀತಿ, ಆದರೆ ಈ ಕಿಟ್ಟಾಗಲೀ ಟಾರ್ಕ್ ಅಂಕಿಗಳಾಗಲೀ ನಿಮ್ಮದಲ್ಲ. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುವುದರಿಂದ ಆರ್‌ಟಿಒ ಮತ್ತು ವಿಮೆಯವರನ್ನು ಮೊದಲೇ ಕೇಳಿಕೊಳ್ಳಿ.

ಆಮೇಲೆ ಸದ್ದು ಬಂದರೆ ಹುಡುಕುವ ಕ್ರಮ: ಸಣ್ಣ ಹಳ್ಳಕ್ಕೆ ಟಕ್ ಎಂದರೆ ಸ್ಟ್ರಟ್‌ನ ಮೇಲಿನ ನಟ್‌ಗಳು. ತಿರುವಿನಲ್ಲಿ ಬಂದರೆ ಸ್ವೇ ಬಾರ್ ಲಿಂಕು. ಹಂಪ್ ದಾಟುವಾಗ ಚಕ್ರ ಕೆಳಗಿಳಿಯುತ್ತಿದ್ದಂತೆ ಲೋಹಕ್ಕೆ ಲೋಹ ಬಡಿದರೆ ಅಪ್ಪರ್ ಆರ್ಮ್ ಸ್ಪ್ರಿಂಗಿಗೆ ತಾಗುತ್ತಿದೆ. ಸ್ಪ್ರಿಂಗಿನ ಬಣ್ಣ ಉಜ್ಜಿ ಹೋಗಿರುತ್ತದೆ, ತೆಳು ಸ್ಪೇಸರಿಗೆ ಇಳಿಯಿರಿ.